ಮುಗಿಲಿನಾಗೂ ಐತೇನ್ರಿ?

ಮುಗಿಲಿನಲ್ಲೂ ಮದ್ಯ ಇದೆಯಂತೆ, ನಿಮಗ್ಯಾರಿಗಾದರೂ ಗೊತ್ತಿತ್ತೇನ್ರಪ್ಪಾ? ನನಗೆ ಇವತ್ತು ಸಂಜೆ ಗೊತ್ತಾಯಿತು.

ಕಾಗವಾಡದ ಹತ್ತಿರದ ನಮ್ಮೂರಿನ ಒಣದ್ರಾಕ್ಷಿ ಶೆಡ್ಡಿನಲ್ಲಿ ವಿಜ್ಞಾನದ ಮಾಸ್ತರೊಬ್ಬರ ಭಾಷಣವಿತ್ತು. ದ್ರಾಕ್ಷಿ ವೈನ್ ಆಗುವ ಬಗೆ ಹೇಳಲು ಶುರುಮಾಡಿದ್ದೇ ತಡ, ಎದುರುಮನೆ ಸುಶೀಲಕ್ಕ ಸೆರಗು ಕೊಡವಿ ಎದ್ದಳು. ಗಂಡನನ್ನು ಕುಡಿತಕ್ಕೆ ಕಳೆದುಕೊಂಡವಳು; ಓಣಿಯ ದಾರೂ ಅಂಗಡಿಗೆ ಬೀಗ ಹಾಕಿಸಿದವಳೂ ಅವಳೇ.

"ಆ ಸುಡುಗಾಡ ಮಾತ ಯಾಕ್ರಿ ಸರ? ಚುಕ್ಕಿ ಬಗ್ಗೆನೂ ಹೇಳ್ತೀನಿ ಅಂದಿದ್ರಿ, ಅದನ್ನ ಹೇಳ್ರಿ."

ಮಾಸ್ತರು ಗಾಬರಿಯಿಂದ ಆ ಮಾತು ಬಿಟ್ಟು ಆಕಾಶಕ್ಕೆ ಹಾರಿದರು. "ಧನು ರಾಶಿ ಕಡೆ ಒಂದು ದೊಡ್ಡ ಮೋಡ ಐತ್ರಿ. ವೈನಿನಾಗಿನ ಮದ್ಯಸಾರನ ಅದರಾಗೂ ಐತಿ."

ಎಲ್ಲರೂ ನಕ್ಕರು. ಸುಶೀಲಕ್ಕ ಮೆಲ್ಲಗೆ ಕೂತಳು.

"ಅಲ್ಲೂ ಐತೇನ್ರಿ? ನಮ್ಮ ಮನಿಯವರು ಮ್ಯಾಲ ಹೋಗಿಯಾದ್ರೂ ಬಿಟ್ಟಿರ್ತಾರ ಅಂತ ಸಮಾಧಾನ ಮಾಡ್ಕೊಂಡಿದ್ದೆ."

ನಗು ನಿಂತಿತು. ಒಣಗುತ್ತಿದ್ದ ದ್ರಾಕ್ಷಿಯ ಸಿಹಿ ವಾಸನೆ ಶೆಡ್ಡಿನ ತುಂಬ ತೇಲುತ್ತಿತ್ತು. ಹೊರಗೆ ಒಂದೊಂದೇ ಚುಕ್ಕಿ ಮೂಡುತ್ತಿತ್ತು. ಮಾಸ್ತರು ದನಿ ತಗ್ಗಿಸಿದರು.

"ಭಾಳ ತೆಳು ಐತ್ರಿ ಅಕ್ಕಾರ. ಒಂದು ಗುಟುಕು ಕೂಡಿಸಬೇಕಂದ್ರ ಇಡೀ ಭೂಮಿ ಸುತ್ತಿ ಬರೋದಕ್ಕಿಂತ ಹೆಚ್ಚು ದೂರ ಆ ಮೋಡದಾಗ ತಿರಗಬೇಕ್ರಿ."

ಸುಶೀಲಕ್ಕನ ಮುಖ ಅರಳಿತು. "ಹಂಗಾದ್ರ ಚಿಂತಿಲ್ಲ ಬಿಡ್ರಿ. ಅವರು ಹಿತ್ತಲ ಹಿಂದಿನ ತ್ವಾಟಕ್ಕೂ ನಡದವರಲ್ಲ."

ನಾನು ಇದನ್ನು ಬರೆಯುವ ಹೊತ್ತಿಗೂ ಎದುರಿನ ಅಂಗಳದಲ್ಲಿ ಸುಶೀಲಕ್ಕ ಕತ್ತೆತ್ತಿ ನಿಂತಿದ್ದಾಳೆ. ಧನು ರಾಶಿ ಯಾವ ಕಡೆ ಮೂಡುತ್ತದೆಂದು ಮಾಸ್ತರನ್ನು ಕೇಳಿಕೊಂಡೇ ಬಂದಿದ್ದಳು. ಸತ್ತ ಮೇಲೂ ಗಂಡನನ್ನು ಕಾವಲಿಲ್ಲದೆ ಬಿಡುವ ಹೆಂಗಸಲ್ಲ.