ಅವರ ಫೋಟೋದ ಕೆಳಗೆ ಬೇರೊಬ್ಬನ ಮಾತು

ಮಗಳು ಇಲ್ಲಿ ಗಲ್ಫಿನಲ್ಲಿ, ಖೈತಾನಿನ ಇಂಡಿಯನ್ ಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸಮಾಜ ವಿಜ್ಞಾನದ ವಸ್ತುಪ್ರದರ್ಶನಕ್ಕೆ ಅವಳ ಪಾಲಿಗೆ ಬಂದ ವಿಷಯ ಅಮೆರಿಕದ ಚುನಾವಣೆ. ಆಗ ಅಲ್ಲಿ ಪ್ರೈಮರಿ ನಡೆಯುತ್ತಿತ್ತು. ಅಧ್ಯಕ್ಷ ಸ್ಥಾನಕ್ಕೆ ತಮ್ಮ ಪಕ್ಷದಿಂದ ಯಾರು ನಿಲ್ಲಬೇಕು ಎಂದು ಮತದಾರರೇ ಒಂದೊಂದು ರಾಜ್ಯದಲ್ಲಿ ವೋಟು ಹಾಕಿ ತೀರ್ಮಾನಿಸುವ ಚುನಾವಣೆ ಅದು. ಕಪ್ಪು ಮತದಾರರು ಯಾರ ಕಡೆ ಎಂಬ ಪ್ರಶ್ನೆಯನ್ನು ಮಗಳು ಆರಿಸಿಕೊಂಡಳು. ಆರಿಸಿಕೊಂಡಳು ಅನ್ನುವುದಕ್ಕಿಂತ ನಾನೇ ಆರಿಸಿಕೊಟ್ಟೆ. ನಮ್ಮ ಆಫೀಸಿನಲ್ಲಿ ಇಬ್ಬರು ಕಪ್ಪು ಅಮೆರಿಕನ್ನರಿದ್ದರು. ಬೇರೆ ಮಕ್ಕಳಿಗೆ ಇಲ್ಲದ ಅನುಕೂಲ ನನ್ನ ಮಗಳಿಗಿದೆ ಎಂಬ ಜಂಬ ನನಗೆ.

ಒಬ್ಬ ಅಕೌಂಟ್ಸಿನ ಯುವಕ, ಚಿಕಾಗೋದವನು. ಇನ್ನೊಬ್ಬರು ಹೊಸಬರಿಗೆ ತರಬೇತಿ ಕೊಡುತ್ತಿದ್ದ ಹೆಂಗಸು. ನಿವೃತ್ತಿಗೆ ಹತ್ತಿರ ಬಂದವರು, ಸೌತ್ ಕರೊಲಿನಾದ ಒಂದು ಸಣ್ಣ ಊರಿನವರು. ಪರ್ಚೇಸ್ ವಿಭಾಗದ ನನಗೆ ಇಬ್ಬರದೂ ಚೆನ್ನಾಗಿಯೇ ಪರಿಚಯ.

ಮಗಳನ್ನು ಆಫೀಸಿಗೆ ಕರೆದೊಯ್ದ ದಿನ ಯುವಕ ಸಿಕ್ಕಿದ್ದು ಕ್ಯಾಂಟೀನಿನಲ್ಲಿ. ಮಗಳ ಪ್ರಶ್ನೆ ಮುಗಿಯುವ ಮೊದಲೇ ಅವನ ಉತ್ತರ ಶುರುವಾಗಿತ್ತು. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ, ಪುಕ್ಕಟೆ ಕಾಲೇಜು ಕೊಡುತ್ತೇನೆ ಎನ್ನುತ್ತಿದ್ದ ಅಭ್ಯರ್ಥಿಗೇ ಅವನ ವೋಟು. "ನಾವು ಕಾದದ್ದು ಸಾಕು. ಇನ್ನು ಅರ್ಧ ರೊಟ್ಟಿಗೆ ಕೈಚಾಚುವುದಿಲ್ಲ," ಎಂದ. ಕೇಳಿ ನನಗೇ ಮೈ ಜುಮ್ಮೆಂದಿತು.

ಹೆಂಗಸು ನಮ್ಮನ್ನು ಶುಕ್ರವಾರ ಮಧ್ಯಾಹ್ನ ಸಾಲ್ಮಿಯಾದ ತಮ್ಮ ಫ್ಲ್ಯಾಟಿಗೆ ಕರೆದರು. ಕೋಳಿ ಹುರಿದಿಟ್ಟಿದ್ದರು. "ಹಲಾಲ್ ಅಂಗಡಿಯದೇ, ಹೆದರಬೇಡ," ಎಂದು ನಕ್ಕು ಮಗಳ ತಟ್ಟೆಗೆ ಎರಡು ತುಂಡು ಹೆಚ್ಚೇ ಹಾಕಿದರು. ಅವರ ವೋಟು ಆ ಯುವಕನ ಅಭ್ಯರ್ಥಿಗಲ್ಲ. ಪಕ್ಷದಲ್ಲಿ ಬಹಳ ವರ್ಷಗಳಿಂದ ಇದ್ದ, ಅವರ ಚರ್ಚಿನವರಿಗೆಲ್ಲ ಪರಿಚಯದ ಇನ್ನೊಬ್ಬನಿಗೆ.

"ಆತ ನಿಮಗೆ ಅಷ್ಟು ಇಷ್ಟವಾ ಆಂಟಿ?" ಮಗಳು ಕೇಳಿದಳು.

"ಇಷ್ಟದ ಮಾತಲ್ಲ ಮಗು. ನಮ್ಮಮ್ಮ ಬಿಳಿಯರ ಅಡುಗೆಮನೆಯಲ್ಲಿ ಕೆಲಸ ಮಾಡಿದವಳು. ಅವರು ಯಾರನ್ನು ಸಹಿಸುತ್ತಾರೆ, ಯಾರನ್ನು ಸಹಿಸುವುದಿಲ್ಲ ಅಂತ ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ವೋಟರ್ ಪಟ್ಟಿಗೆ ಹೆಸರು ಬರೆಸಿದ್ದಕ್ಕೇ ನಮ್ಮಪ್ಪನ ಕೆಲಸ ಹೋಯಿತು. ಅಷ್ಟು ಕಷ್ಟದಿಂದ ಸಿಕ್ಕ ವೋಟನ್ನು ನಾನು ಸೋಲುವವನಿಗೆ ಹಾಕುವುದಿಲ್ಲ."

ಆಮೇಲೆ ಅವರ ಅಕ್ಕನ ಮಾತು ಬಂತು. ಮದುವೆಯಾಗಿ ಚಿಕಾಗೋಗೆ ಹೋದ ಅಕ್ಕ ಅಲ್ಲಿಯವರೇ ಆಗಿಬಿಟ್ಟಿದ್ದರು. ಗಂಡ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿತು, ಮೊಮ್ಮಕ್ಕಳ ಶಾಲೆಯೂ ಮುಚ್ಚಿತು. ಪಕ್ಷದ ಹಳಬರು ಯಾರೂ ಏನೂ ಮಾಡಲಿಲ್ಲ ಎಂಬ ಸಿಟ್ಟಿನಲ್ಲಿ ಅಕ್ಕನೂ ಆ ಯುವಕನ ಅಭ್ಯರ್ಥಿಯ ಕಡೆಯೇ. "ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ಪ್ರತಿ ಭಾನುವಾರ ಫೋನು ಮಾಡುತ್ತಿದ್ದೆವು. ಈಗ ಚುನಾವಣೆ ಮುಗಿಯುವವರೆಗೆ ಬೇಡ ಅಂದಿದ್ದಾಳೆ." ಅವರು ಎದ್ದು ಹೋಗಿ ಕಿಟಕಿಯ ಪರದೆ ಸರಿಪಡಿಸಿದರು. ಸರಿಪಡಿಸುವಂಥದ್ದೇನೂ ಇರಲಿಲ್ಲ.

ತಿರುಗಿ ಬಂದು ನನ್ನನ್ನೇ ಕೇಳಿದರು: "ನಿಮ್ಮವರೋ? ಎಲ್ಲರೂ ಒಂದೇ ಕಡೆ ಹಾಕುತ್ತಾರಾ?"

ಆ ಪ್ರಶ್ನೆ ನನ್ನನ್ನು ಸದಾ ಕೆರಳಿಸುತ್ತದೆ. ಊರಲ್ಲಿ ಚುನಾವಣೆ ಬಂದಾಗಲೆಲ್ಲ ಆಫೀಸಿನ ಇಂಡಿಯನ್ನರು "ತುಮ್ ಲೋಗ್ ತೋ ಸಬ್ ಏಕ್ ಹೀ ತರಫ್" ಎಂದು, ಮುಸಲ್ಮಾನರೆಲ್ಲ ಒಂದೇ ಕಡೆ ಎನ್ನುವ ಅರ್ಥದಲ್ಲಿ, ಕಣ್ಣು ಮಿಟುಕಿಸುತ್ತಾರೆ. ಹಾಗಾಗಿ ಅಂದು ನಾನು ಕೋಳಿ ತಿನ್ನುವುದನ್ನು ಬಿಟ್ಟು ಅವರಿಗೆ ವಿವರಿಸಿದೆ: ನಮ್ಮಂಥ ಉಳ್ಳಾಲದ ಬ್ಯಾರಿ ಮುಸಲ್ಮಾನನೇ ಬೇರೆ, ಬೀದರಿನ ಮುಸಲ್ಮಾನನೇ ಬೇರೆ, ನಮ್ಮ ಭಾಷೆ ಅವನಿಗೆ ತಿಳಿಯದು, ಅವನ ಲೀಡರು ಯಾರೆಂದು ನಮಗೆ ತಿಳಿಯದು, ಅಷ್ಟೇಕೆ, ನಾನೂ ನನ್ನ ತಮ್ಮನೂ ಒಂದೇ ಬೂತಿಗೆ ಹೋಗಿ ಎರಡು ಪಕ್ಷಕ್ಕೆ ಹಾಕಿದ್ದುಂಟು. ಅವರು ತಲೆಯಾಡಿಸಿ, "ಹಾಗಾದರೆ ನಿನಗೆ ನಾನು ಹೇಳಿದ್ದು ಅರ್ಥವಾಯಿತು," ಎಂದರು. ಹೊರಡುವಾಗ ಮಗಳು ಅವರ ಫೋಟೋ ತೆಗೆದಳು. ಚರ್ಚಿಗೆ ಹಾಕುವ ನೇರಳೆ ಟೋಪಿ ತಂದು ಹಾಕಿಕೊಂಡು, ನೆಟ್ಟಗೆ ಕುಳಿತು ಕೊಟ್ಟ ಫೋಟೋ.

ಮನೆಯಲ್ಲಿ ಮಗಳು ಬೋರ್ಡಿನ ಮೇಲೆ ಎರಡು ಭಾಗ ಮಾಡಿದಳು. ಒಂದು ಕಡೆ ದಕ್ಷಿಣದ ಸೌತ್ ಕರೊಲಿನಾ, ಇನ್ನೊಂದು ಕಡೆ ಉತ್ತರದ ಚಿಕಾಗೋ. ಮಧ್ಯೆ ಅಕ್ಕತಂಗಿಯರ ಕಥೆ. ನಾನು ನೋಡಿ, "ಇದು ಗೊಂದಲ," ಎಂದೆ. ಜಡ್ಜುಗಳು ನಿಂತು ಓದುವುದಿಲ್ಲ, ಕಣ್ಣಿಗೆ ಹೊಡೆಯುವ ಒಂದು ಮಾತು ಬೇಕು.

"ಆದರೆ ಉಪ್ಪಾ, ಅವರಿಬ್ಬರೂ ಹೇಳಿದ್ದು ಬೇರೆ ಬೇರೆ," ಎಂದಳು ಇಂಗ್ಲಿಷಿನಲ್ಲಿ.

"ಅದನ್ನೆಲ್ಲ ವಿವರಿಸುವಷ್ಟರಲ್ಲಿ ಅವರು ಪಕ್ಕದ ಟೇಬಲ್ಲಿಗೆ ಹೋಗಿರುತ್ತಾರೆ. ಖಲಾಸ್. ನಾನು ಹೇಳಿದ ಹಾಗೆ ಮಾಡು."

ನಾನೇ ಕುಳಿತು ಕಂಪ್ಯೂಟರಿನಲ್ಲಿ ಹೊಸದು ಮಾಡಿದೆ. ಮೇಲೆ 'ಒಂದು ಸಮುದಾಯ, ಒಂದೇ ದನಿ' ಎಂಬ ಅರ್ಥದ ಇಂಗ್ಲಿಷ್ ತಲೆಬರಹ. ನಡುವೆ ನೇರಳೆ ಟೋಪಿಯ ಫೋಟೋ, ಯಾಕೆಂದರೆ ಅದು ಬಹಳ ಚೆನ್ನಾಗಿ ಬಂದಿತ್ತು. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಅರ್ಧ ರೊಟ್ಟಿಯ ಮಾತು, ಯಾಕೆಂದರೆ ಅದೂ ಚೆನ್ನಾಗಿತ್ತು. ಒಬ್ಬರ ಮುಖಕ್ಕೆ ಇನ್ನೊಬ್ಬನ ಮಾತು ಅಂಟಿಸುತ್ತಿದ್ದೇನೆ ಎಂದು ಗೊತ್ತಿದ್ದೂ ಮಾಡಿದೆ. ಅವರು ಅದನ್ನು ನೋಡುವುದಾದರೂ ಎಲ್ಲಿ ಎಂದುಕೊಂಡೆ.

ಪ್ರದರ್ಶನದ ಶನಿವಾರ ಅವರು ಬಂದೇಬಿಟ್ಟರು. ಮಗಳು ಕರೆದಿದ್ದಳಂತೆ, ನಾನು ಬೋರ್ಡು ಬದಲಿಸುವ ಮೊದಲು. ಕೈಯಲ್ಲಿ ತಾವೇ ಮಾಡಿದ ಕೇಕಿನ ಡಬ್ಬಿ. ಸ್ಕೂಲಿನ ಹಾಲಿನಲ್ಲಿ ಅಮ್ಮಂದಿರ, ಮಕ್ಕಳ ಗದ್ದಲದ ನಡುವೆ ದಾರಿ ಮಾಡಿಕೊಂಡು ಬಂದು ಬೋರ್ಡಿನ ಮುಂದೆ ನಿಂತರು. ಕನ್ನಡಕ ಹಾಕಿಕೊಂಡು ತಲೆಬರಹ ಓದಿದರು. ಫೋಟೋ ನೋಡಿದರು. ಕೆಳಗಿನ ಮಾತು ಓದಿದರು. ಮತ್ತೊಮ್ಮೆ ಓದಿದರು.

"ಇದನ್ನು ನೀನು ಬರೆದೆಯಾ ಮಗು?"

ಮಗಳು ನನ್ನ ಕಡೆ ನೋಡಿದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದಿದ್ದರೆ ಸಾಕಿತ್ತು. ನಮ್ಮ ಹಿಂದೆ ಅವಳ ಕ್ಲಾಸ್ ಟೀಚರ್ ಇದ್ದರು, ಬೇರೆ ತಂದೆತಾಯಿಯರಿದ್ದರು.

"ಹೌದು ಆಂಟಿ," ಎಂದಳು ಮಗಳು. "ನಾನೇ ಬರೆದೆ. ಸಾರಿ."

ಅವರು ಅವಳ ಭುಜ ತಟ್ಟಿದರು. "ನಮ್ಮಕ್ಕ ನೋಡಿದರೆ ಖುಷಿಪಡುತ್ತಾಳೆ. ಕೊನೆಗೂ ತಂಗಿ ದಾರಿಗೆ ಬಂದಳು ಅಂತ," ಎಂದು ನಗಲು ನೋಡಿದರು. ನಗು ಅರ್ಧಕ್ಕೇ ನಿಂತಿತು. ಕೇಕಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಟ್ಯಾಕ್ಸಿ ಕಾಯುತ್ತಿದೆ ಎಂದು ಹೊರಟರು. ಆಮೇಲೆ ಆ ಬೋರ್ಡಿಗೆ ಎರಡನೇ ಬಹುಮಾನ ಬಂತು. ವೇದಿಕೆ ಹತ್ತಿ ಸರ್ಟಿಫಿಕೇಟ್ ತೆಗೆದುಕೊಂಡ ಮಗಳು ಇಳಿದು ಬಂದು ಅದನ್ನು ನನ್ನ ಕೈಗೆ ಕೊಟ್ಟಳು.

ಮರುದಿನ ಭಾನುವಾರ, ಇಲ್ಲಿಯ ವಾರದ ಮೊದಲ ಕೆಲಸದ ದಿನ, ಆಫೀಸಿಗೆ ಹೋದವನೇ ಅವರ ಮೇಜಿನ ಬಳಿ ನಿಂತೆ. "ಮೇಡಂ, ಅದು ಅವಳು ಬರೆದದ್ದಲ್ಲ. ನಾನು."

"ಗೊತ್ತು," ಎಂದರು. "ಅವಳು ನಿನ್ನ ಮುಖ ನೋಡಿದ್ದು ನನಗೆ ಕಾಣಿಸಿತು." ಕನ್ನಡಕ ತೆಗೆದಿಟ್ಟು, "ನಮ್ಮನ್ನೆಲ್ಲ ಒಂದು ಮೂಟೆಗೆ ಕಟ್ಟುವವರನ್ನು ಟಿವಿಯಲ್ಲಿ ದಿನಾ ನೋಡುತ್ತೇನೆ. ಅವರಿಗೆ ಗೊತ್ತಿಲ್ಲ, ಮಾಡುತ್ತಾರೆ. ನೀನು ನನ್ನ ಮನೆಯ ಊಟದ ಮೇಜಿನ ಮುಂದೆ ಕುಳಿತು ಬೀದರಿನ ಮಾತಾಡಿದವನು," ಎಂದರು. ದನಿ ಏರಿಸಲಿಲ್ಲ. "ನನ್ನ ಹತ್ತಿರ ಹೇಳಿದ್ದು ಆಯಿತು. ಅವಳ ಹತ್ತಿರ ಹೇಳಿದ್ದೀಯಾ?"

ಹೇಳಿರಲಿಲ್ಲ. ಅಂದು ಸಂಜೆ ಮಗಳನ್ನು ಟ್ಯೂಷನ್ನಿಂದ ಕರೆತರುವಾಗ ಕಾರಿನಲ್ಲಿ ಹೇಳಿದೆ. ಎದುರಿನ ರಸ್ತೆಯನ್ನೇ ನೋಡುತ್ತಾ ಹೇಳಿದೆ. ತಪ್ಪು ನನ್ನದು, ನೀನು ನನಗೋಸ್ಕರ ಸುಳ್ಳು ಹೇಳಬೇಕಾಯಿತು, ಅಷ್ಟು ಜನರ ಎದುರು ನಾನು ಸುಮ್ಮನಿದ್ದೆ.

"ಓಕೆ ಉಪ್ಪಾ," ಎಂದಳು. ಎಸಿ ಸ್ವಲ್ಪ ಕಡಿಮೆ ಮಾಡಲು ಹೇಳಿದಳು.

ಸೌತ್ ಕರೊಲಿನಾದ ಫಲಿತಾಂಶ ಬಂದಾಗ ಅಲ್ಲಿಯ ಕಪ್ಪು ಜನ ಹೆಚ್ಚಾಗಿ ಮೇಡಂ ಹೇಳಿದವನಿಗೇ ವೋಟು ಹಾಕಿದ್ದರು. ಚಿಕಾಗೋದಲ್ಲಿ ಒಂದೇ ಬೀದಿಯವರೂ ವಾದಿಸುತ್ತಿದ್ದಾರೆ ಎಂದು ಯುವಕ ಹೇಳಿದ. ಅಕ್ಕ ಫೋನು ಮಾಡಿದರೇ ಎಂದು ಕೇಳುವ ಸಲುಗೆ ನನಗೆ ಉಳಿದಿರಲಿಲ್ಲ. ಬೇಸಿಗೆಗೆ ಮೊದಲು ಅವರು ಕೆಲಸ ಮುಗಿಸಿ ಊರಿಗೆ ಹೋದರು. ಬೀಳ್ಕೊಡುಗೆಯ ದಿನ ನನ್ನ ಕೈ ಕುಲುಕಿ, ಎಲ್ಲರಿಗೂ ಹೇಳಿದಂತೆ ನನಗೂ ಒಳ್ಳೆಯದಾಗಲಿ ಎಂದರು.

ಮಗಳಿಗೆ ಅವರು ಈಗಲೂ ಮೆಸೇಜು ಕಳಿಸುತ್ತಾರೆ. ಒಮ್ಮೊಮ್ಮೆ ಅವಳು ಫೋನು ನೋಡಿ ನಗುತ್ತಾಳೆ, ಏನೆಂದು ನಾನು ಕೇಳುವುದಿಲ್ಲ. ಈಗ ಅವಳು ಪ್ಲಸ್ ಟೂ. ಪ್ರಬಂಧ ಬರೆಯುತ್ತಾಳೆ, ಡಿಬೇಟಿಗೆ ಹೋಗುತ್ತಾಳೆ. ಊಟಕ್ಕೆ ಕರೆಯಲು ಹೋದಾಗ ಅವಳು ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಇಳಿಸುತ್ತಾಳೆ, ಒರಟಾಗಿ ಅಲ್ಲ. ತೋರಿಸು ಮಗಾ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮೀನು ಆರುತ್ತದೆ ಬಾ ಎಂದಷ್ಟೇ ಹೇಳಿ ಅಡುಗೆಮನೆಯ ಕಡೆ ನಡೆಯುತ್ತೇನೆ.