ಹನುಮವ್ವನ ಬಂಡಿದಾರಿಗೆ ನನ್ನ ಸಾಕ್ಷಿ

ಯಲಬುರ್ಗಾಕ್ಕೆ ಬಂದ ಮೊದಲ ವಾರವೇ ಇಲ್ಲಿನ ಮಣ್ಣು ನನ್ನ ಚಪ್ಪಲಿ ಕಿತ್ತುಕೊಂಡಿತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ. ಹಿಂದಿನ ದಿನ ಮಳೆ ಬಂದಿತ್ತು. ಊರಾಚೆಯ ಹೊಲ ನೋಡೋಣವೆಂದು ಹೊರಟವಳು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಎರಡೂ ಕಾಲಿಗೆ ರಾಗಿಮುದ್ದೆ ಗಾತ್ರದ ಮಣ್ಣು ಮೆತ್ತಿಕೊಂಡಿತು. ಮುಂದಿನ ಹೆಜ್ಜೆಗೆ ಕಾಲು ಮೇಲೆ ಬಂತು, ಚಪ್ಪಲಿ ಕೆಳಗೇ ಉಳಿಯಿತು. ಈ ಕಪ್ಪು ಎರೆ ಮಣ್ಣನ್ನು ನಾನು ಮೈಸೂರಿನ ಪ್ರಯೋಗಾಲಯದಲ್ಲಿ ಒಣಗಿಸಿ, ಜರಡಿ ಹಿಡಿದು, ತೂಗಿ, ಅದರ ಹುಟ್ಟುಗುಣವನ್ನೆಲ್ಲ ಬರೆದಿಟ್ಟವಳು. ಅದು ಚಪ್ಪಲಿ ನುಂಗುತ್ತದೆಂದು ಯಾವ ಪುಸ್ತಕವೂ ಹೇಳಿರಲಿಲ್ಲ. ನಂಜನಗೂಡು ಕಡೆಯ ನಮಗೆ ಗದ್ದೆ ಕೆಸರು ಹೊಸದೇ? ಆದರೆ ನಮ್ಮ ಕೆಸರು ಒಂದು ಚೊಂಬು ನೀರಿಗೆ ಹೋಗುತ್ತದೆ. ಇದನ್ನು ಕಡ್ಡಿ ಹಿಡಿದು ಕೆರೆಯುತ್ತಾ ಕೂರಬೇಕು.

ನಾವು ಇಲ್ಲಿಗೆ ಬಂದದ್ದು ನನ್ನ ಗಂಡನ ವರ್ಗಾವಣೆಯಿಂದ. ಅವರಿಗೆ ಇಲ್ಲಿ ಸರ್ಕಾರಿ ಕಚೇರಿ ಇತ್ತು, ನನ್ನ ಓದಿಗೆ ಏನೂ ಇರಲಿಲ್ಲ. ಮನೆ ಸಿಕ್ಕಿದ್ದು ವೀರಣ್ಣ ವಕೀಲರ ಮಹಡಿಯ ಮೇಲೆ. ನಮ್ಮ ಕಡೆ ಬಾಡಿಗೆಗೆ ಹೋದವರು ನೀರು ಬರುತ್ತಾ, ಗಾಳಿ ಆಡುತ್ತಾ ಎಂದು ಮನೆಯವರನ್ನು ಕೇಳುತ್ತೇವಲ್ಲ, ಇಲ್ಲಿ ವಕೀಲರ ಹೆಂಡತಿಯೇ ನನ್ನನ್ನು ಕೇಳಿದರು, ರೊಟ್ಟಿ ಬಡಿಯಲು ಬರುತ್ತಾ ಎಂದು. ಇಲ್ಲವೆಂದೆ. ಕಲಿತರಾಯಿತು ಬಿಡಿ ಎಂದು ಕೀಲಿ ಕೊಟ್ಟರು. ಕೀಲಿ ಎಂದರೆ ಬೀಗದ ಕೈ. ತಾಸು ಎಂದರೆ ಗಂಟೆ. ದಗದ ಎಂದರೆ ಕೆಲಸ. ಖರೆ, ತಕರಾರು, ಜರೂರು ಎಂಬಂಥ ಮಾತು ನಮ್ಮಲ್ಲಿ ಕೋರ್ಟು ಕಚೇರಿಯಲ್ಲಿ ಕೇಳುವಂಥದ್ದು, ಇಲ್ಲಿ ಕೊತ್ತಂಬರಿ ಮಾರುವ ಹೆಂಗಸಿನ ಬಾಯಲ್ಲೂ ಓಡಾಡುತ್ತದೆ. ನಾನು ‘ಅಲ್ವಾ?’ ‘ಹೂಂ ಕಣ್ರೀ’ ಎಂದಾಗಲೆಲ್ಲ ಆಕೆ ಸೆರಗಿನಲ್ಲಿ ನಗುತ್ತಿದ್ದಳು.

ಮೊದಲ ವರ್ಷದ ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲ. ಹೊರಗೆ ಹೆಂಚು ಕಾದಂಥ ಬಿಸಿಲು, ಒಳಗೆ ಫ್ಯಾನಿನ ಸದ್ದು. ಮಾತಾಡಲು ನರಪಿಳ್ಳೆ ಇಲ್ಲ. ಆ ಬೇಸರಕ್ಕೇ ಹಾಲಿನವನ ಜೊತೆ ಹಾಲಿನ ಸಾಂದ್ರತೆಯ ಬಗ್ಗೆ ಜಗಳ ತೆಗೆದಿದ್ದೆ. ಕೆಳಗೆ ಪೇಪರು ಓದುತ್ತಿದ್ದ ವೀರಣ್ಣನವರು ಎಲ್ಲವನ್ನೂ ಕೇಳಿಸಿಕೊಂಡು, ಇಷ್ಟು ವಾದ ಮಾಡುವವರು ಕಾನೂನಾದರೂ ಯಾಕೆ ಓದಬಾರದು ಎಂದರು. ತಮಾಷೆಗೆ ಹೇಳಿದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮುಳುಗುವವಳಿಗೆ ಹುಲ್ಲುಕಡ್ಡಿ. ಕೆಂಪು ಬಸ್ಸಿನಲ್ಲಿ ಓಡಾಡಿಕೊಂಡು, ಮಗಳಾಗಬಹುದಾದ ವಯಸ್ಸಿನ ಹುಡುಗಿಯರ ನಡುವೆ ಕೂತು ಕಾನೂನು ಓದಿದೆ. ಬಸ್ಸಿನಲ್ಲೇ ರೊಟ್ಟಿ, ಗುರೆಳ್ಳು ಚಟ್ನಿ ತಿನ್ನುವುದನ್ನೂ ಕಲಿತೆ. ಮುಗಿಸಿ ಬಂದು ವೀರಣ್ಣನವರ ಕೈಕೆಳಗೇ ಸೇರಿಕೊಂಡೆ.

ಪ್ರಯೋಗಾಲಯ ಬೇರೆ, ಕೋರ್ಟು ಬೇರೆ. ಅಲ್ಲಿ ಅನುಮಾನ ಬಂದರೆ ನಮ್ಮ ಕೈಯಿಂದಲೇ ಮಾಡಿ ನೋಡುತ್ತೇವೆ. ಇಲ್ಲಿ ನಮ್ಮ ಕೈಗೆ ಕೆಲಸವೇ ಇಲ್ಲ. ಕಂಡವರು ಬೇರೆ, ಹೇಳುವವರು ಬೇರೆ, ನಾವು ಬರೀ ಕೇಳುವವರು. ಈ ಮಾತನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ. ಕೈಗೆ ಮಾತ್ರ ಅದು ಇನ್ನೂ ತಲುಪಿರಲಿಲ್ಲ.

ಹನುಮವ್ವ ಬಂದದ್ದು ಆಗ. ಅರವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಗಂಡನ ಪಾಲಿಗೆ ಬಂದ ಎರೆ ಹೊಲದಲ್ಲಿ ಜೋಳ, ಕಡಲೆ ಬೆಳೆದುಕೊಂಡು ಯಾರ ಹಂಗಿಲ್ಲದೆ ಇದ್ದವಳು. ಆ ಹೊಲಕ್ಕೆ ಬಂಡಿ ಹೋಗುವ ದಾರಿ ಮೈದುನ ದ್ಯಾಮಣ್ಣನ ಹೊಲದೊಳಗಿಂದ. ಆತ ಆ ವರ್ಷ ದಾರಿಯನ್ನು ಮೇಲ್ಮೇಲೆ ಉತ್ತು, ಮುಳ್ಳು ಜಡಿದು, ಇಲ್ಲಿ ದಾರಿಯೇ ಇರಲಿಲ್ಲ ಎಂದುಬಿಟ್ಟ. ದಾರಿ ಇಲ್ಲದ ಹೊಲವನ್ನು ಬೇರೆ ಯಾರು ಕೊಳ್ಳುತ್ತಾರೆ? ಕೊನೆಗೆ ಅವನಿಗೇ ಕೊಡಬೇಕು. ಅವನ ಲೆಕ್ಕವೂ ಅದೇ. ಊರಿನವರಿಗೆಲ್ಲ ನಿಜ ಗೊತ್ತು. ಆದರೆ ನಾಳೆ ಅವನ ಮುಖ ನೋಡಬೇಕಲ್ಲ, ಕೋರ್ಟಿಗೆ ಬಂದು ಹೇಳುವವರಿಲ್ಲ.

‘ಹೊಲ ಹೋದ್ರ ನಾ ಅವನ ಮನಿ ಕಸಾ ಹೊಡಿಬೇಕ್ರಿ ಅಕ್ಕಾರ, ಅಷ್ಟ ಐತಿ ನೋಡ್ರಿ ನಂದು’ ಎಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಹೇಳಿ ಸುಮ್ಮನಾಗುತ್ತಿದ್ದೆನೇನೋ.

ವೀರಣ್ಣನವರು ಈ ಕೇಸನ್ನು ನೀವೇ ನಡೆಸಿ ಎಂದರು. ನನ್ನ ಮೊದಲ ಕೇಸು. ಅಮ್ಮನಿಗೆ ಫೋನು ಮಾಡಿ ಹೇಳಿದೆ, ಅವಳು ನಂಜುಂಡೇಶ್ವರನಿಗೆ ತುಪ್ಪದ ದೀಪ ಹಚ್ಚಿಸಿದಳು. ಸ್ಥಳ ನೋಡಿ ವರದಿ ಕೊಡಲು ಕೋರ್ಟು ಕಮಿಷನರೊಬ್ಬರನ್ನು ನೇಮಿಸಬೇಕೆಂದು ಅರ್ಜಿ ಹಾಕಿದೆವು. ಅವರು ಬರುವ ತನಕ ಸುಮ್ಮನಿರಬೇಕಿತ್ತು. ನಾನೋ, ಒಂದು ಭಾನುವಾರ ಸಲಿಕೆ, ಚೀಲ ಹಿಡಿದು ಹನುಮವ್ವನ ಜೊತೆ ಹೊಲಕ್ಕೆ ಹೋದೆ. ಮುಳ್ಳು ಸರಿಸಿ ಅಲ್ಲಲ್ಲಿ ಗುಂಡಿ ತೋಡಿದೆ. ಮೇಲೆ ಗೇಣುದ್ದ ಮೆತ್ತಗಿನ ಮಣ್ಣು. ಅದರ ಕೆಳಗೆ ಬಂಡಿಯಗಲಕ್ಕೆ ನೆಲ ಇಟ್ಟಿಗೆಯಂತೆ ಗಟ್ಟಿ, ಒಂದು ಬೇರೂ ಇಳಿದಿಲ್ಲ. ಆಚೀಚೆ ಅಷ್ಟೇ ಆಳದಲ್ಲಿ ಮಣ್ಣು ಬೆರಳಿಗೆ ಪುಡಿಯಾಗುತ್ತಿತ್ತು. ತಲೆಮಾರುಗಳ ಗಾಲಿ ಓಡಾಡಿದ ನೆಲ ಅದು. ಎಷ್ಟೋ ವರ್ಷದ ಮೇಲೆ ನನ್ನ ಕೈಗೆ ಗೊತ್ತಿದ್ದ ಕೆಲಸ ಸಿಕ್ಕಿತ್ತು. ಮನೆಗೆ ಬಂದು ಹೆಂಟೆಗಳನ್ನು ಒಣಗಿಸಿ ತೂಗುತ್ತಾ ಹಾಡು ಗುನುಗುತ್ತಿದ್ದೆನಂತೆ, ಗಂಡ ಇವತ್ತಿಗೂ ಆಡಿಕೊಳ್ಳುತ್ತಾರೆ.

ಆ ಗುಂಡಿಗಳನ್ನು ದ್ಯಾಮಣ್ಣ ನೋಡಿದ. ನಾವು ಏನು ಹುಡುಕುತ್ತಿದ್ದೇವೆಂದು ಅವನಿಗೆ ತಿಳಿಯಿತು. ಕಮಿಷನರು ಬರುವುದರೊಳಗೆ ಟ್ರ್ಯಾಕ್ಟರು ತರಿಸಿ, ದಾರಿಯ ಉದ್ದಕ್ಕೂ ಆಳವಾಗಿ ಉಳುಮೆ ಮಾಡಿಸಿ ನೆಲವನ್ನು ಬುಡಮೇಲು ಮಾಡಿಬಿಟ್ಟ. ಮೇಲಿಂದ ಒಂದು ಮಳೆಯೂ ಆಯಿತು. ಕಮಿಷನರು ಬಂದು ಉತ್ತ ಹೊಲ ನೋಡಿ, ಉತ್ತ ಹೊಲ ಎಂದು ಬರೆದುಕೊಂಡು ಹೋದರು.

ವೀರಣ್ಣನವರು ನನ್ನನ್ನು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: ‘ಆ ತೆಗ್ಗಿನಾಗ ಏನಿತ್ತು ಅನ್ನೂದು ಈಗ ಹನುಮವ್ವನ ಬಿಟ್ರ ಜಗತ್ತಿನಾಗ ನಿಮಗೊಬ್ಬರಿಗೇ ಗೊತ್ತೈತಿ. ವಕೀಲರು ತಮ್ಮ ಕೇಸಿಗೆ ತಾವ ಸಾಕ್ಷಿ ಹೇಳಾಕ ಬರೂದಿಲ್ಲ. ಈ ಕೇಸಿನಾಗ ಕರಿ ಕೋಟು ಬೇಕೋ, ಹನುಮವ್ವನ ದಾರಿ ಬೇಕೋ, ನೋಡ್ರಿ.’

ನೋಡುವುದೇನಿತ್ತು! ಒಂದು ದಿನ ಪೂರ್ತಿ ನನ್ನ ಮೇಲೆಯೇ ಸಿಟ್ಟು ಮಾಡಿಕೊಂಡು ಕೂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅತ್ತೂಬಿಟ್ಟೆ. ಆಮೇಲೆ ಕೇಸನ್ನು ಬಿಟ್ಟುಕೊಟ್ಟೆ. ನನ್ನಿಂದಾಗಿ ವೀರಣ್ಣನವರೂ ಬಿಟ್ಟು, ಕುಷ್ಟಗಿಯ ಪರಿಚಯದ ವಕೀಲರಿಗೆ ಒಪ್ಪಿಸಿದರು. ಅಮ್ಮನಿಗೆ ಹೇಳಿದಾಗ, ಮೊದಲು ವಿಜ್ಞಾನ ಬಿಟ್ಟೆ, ಈಗ ವಕೀಲಿಯನ್ನೂ ಬಿಟ್ಟೆಯಾ, ಇನ್ನಾದರೂ ಊರಿಗೆ ಬಾ ಎಂದಳು. ವಿವರಿಸಲು ಹೋಗಲಿಲ್ಲ. ಹೊಲಕ್ಕೆ ಬಿತ್ತನೆಯಾಗದೆ ಎರಡು ಹಿಂಗಾರು ಕಳೆದವು. ಹನುಮವ್ವ ಕೂಲಿಗೆ ಹೋಗತೊಡಗಿದಳು. ಸಂತೆಯಲ್ಲಿ ಸಿಕ್ಕಾಗೆಲ್ಲ ನನ್ನ ಆರೋಗ್ಯ ವಿಚಾರಿಸುತ್ತಿದ್ದಳು, ಕೇಸಿನ ಸುದ್ದಿ ಎತ್ತುತ್ತಿರಲಿಲ್ಲ. ಅವಳು ಬೈದಿದ್ದರೂ ಚೆನ್ನಾಗಿರುತ್ತಿತ್ತು.

ಸಾಕ್ಷಿಯ ದಿನ ಕೋಟಿಲ್ಲದೆ, ಸೀರೆಯುಟ್ಟು ಕಟಕಟೆ ಹತ್ತಿದೆ. ದಿನಾ ನಿಲ್ಲುತ್ತಿದ್ದ ಕೋಣೆಯೇ, ನಿಲ್ಲುವ ಜಾಗ ಮಾತ್ರ ಬೇರೆ. ಮಣ್ಣಿನಲ್ಲಿ ಕಂಡದ್ದನ್ನು ಕಂಡಷ್ಟೇ ಹೇಳಿದೆ. ದ್ಯಾಮಣ್ಣನ ವಕೀಲರು ಅನುಭವಸ್ಥರು, ಗಟ್ಟಿ ದನಿ. ಅದು ಬಂಡಿದಾರಿಯೇ ಎಂದು ನೂರಕ್ಕೆ ನೂರು ಹೇಳುತ್ತೀರಾ ಎಂದರು. ಇಲ್ಲ ಎಂದೆ. ಬಹಳ ಕಾಲ ಭಾರ ಬಿದ್ದ ನೆಲ, ಬಂಡಿಯಷ್ಟು ಅಗಲ, ಅಷ್ಟು ಹೇಳಬಲ್ಲೆ, ಮಣ್ಣು ನನಗೆ ಅದಕ್ಕಿಂತ ಹೆಚ್ಚು ತಿಳಿಸಲಿಲ್ಲ ಎಂದೆ. ಅವರಿಗೆ ಖುಷಿಯಾಯಿತು. ಮೈಸೂರು ಕಡೆಯ ಹೆಣ್ಣುಮಗಳು ನೀವು, ಇಲ್ಲಿಯ ಎರೆ ಹೊಲದ ಸಂಗತಿ ನಿಮಗೇನು ಗೊತ್ತು ಎಂದು ಇನ್ನೊಂದು ಎಸೆದರು.

ಹಿಂದಿನ ಬೆಂಚಿನಿಂದ ಹನುಮವ್ವ ಎದ್ದು ನಿಂತಳು.

‘ಯಾಕ ಗೊತ್ತಿರಂಗಿಲ್ರಿ? ಆಕಿ ಹೊರಗಿನಾಕಿ ಅಲ್ಲ. ನಮ್ಮಾಕಿನ ಅದಾಳ, ನಮ್ಮ ಮನಿಮಗಳು.’

ಬಂದಾಗಿನಿಂದ ನನ್ನನ್ನು ಅಕ್ಕಾರ, ಮೇಡಂ ಎಂದವರೇ ಎಲ್ಲ. ಈ ಊರಿನಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಏಕವಚನದಲ್ಲಿ ಆಕಿ ಎಂದಿದ್ದರು. ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಆ ವಕೀಲರು ನಗುತ್ತಾ ನ್ಯಾಯಾಧೀಶರ ಕಡೆ ತಿರುಗಿ, ಸಾಕ್ಷಿ ವಾದಿಯ ಮನೆಮಗಳೆಂದು ವಾದಿಯೇ ಒಪ್ಪುತ್ತಿದ್ದಾರೆ, ದಯವಿಟ್ಟು ಬರೆದುಕೊಳ್ಳಬೇಕು ಎಂದರು. ಮನೆಮಗಳ ಸಾಕ್ಷಿಗೆ ಏನು ಬೆಲೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತು, ಹನುಮವ್ವನೊಬ್ಬಳನ್ನು ಬಿಟ್ಟು.

ನ್ಯಾಯಾಧೀಶರು ಅವಳನ್ನು ಕೂರಿಸಿ ನನ್ನನ್ನು ಕೇಳಿದರು: ‘ಇವರು ನಿಮಗೆ ಏನಾಗಬೇಕು?’

‘ಏನೂ ಆಗಬೇಕಾಗಿಲ್ಲ ಸ್ವಾಮಿ’ ಎಂದೆ. ‘ಅವರ ವಕೀಲರ ಕಚೇರಿಯಲ್ಲಿದ್ದೆ, ಅಷ್ಟೇ. ನಾನು ಈ ಊರಿನವಳಲ್ಲ.’

ಬೆರಳಚ್ಚುಗಾರರು ಅದನ್ನು ಟಪಟಪ ಹೊಡೆದುಕೊಂಡರು. ಹನುಮವ್ವ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ತೀರ್ಪು ಅವಳ ಕಡೆಗಾಯಿತು. ಸಾಕ್ಷಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದಿದ್ದಾರೆ, ಹೊರಗಿನವರು, ಇಲ್ಲಿ ನೆಂಟಸ್ತಿಕೆಯಾಗಲಿ ಜಮೀನಾಗಲಿ ಇಲ್ಲದವರು, ಆದ್ದರಿಂದ ನಂಬಬಹುದು ಎಂದು ಅದರಲ್ಲಿ ನನ್ನ ಬಗ್ಗೆ ಇತ್ತು. ವೀರಣ್ಣನವರು ಅದನ್ನು ಓದಿ ಹೇಳಿ, ಇಂಥ ಸರ್ಟಿಫಿಕೇಟು ಯಾವ ವಕೀಲರಿಗೂ ಸಿಕ್ಕಿಲ್ಲ ಎಂದು ಚಹಾ ತರಿಸಿದರು. ನನ್ನ ಲೋಟದ ಚಹಾ ಆರಿಹೋಯಿತು.

ಹನುಮವ್ವ ಕೆಲವು ದಿನ ಈ ಕಡೆ ಸುಳಿಯಲಿಲ್ಲ. ಬಿತ್ತನೆಯ ದಿನ ಬೆಳಿಗ್ಗೆ ಬಂದು ಗೇಟಿನ ಹೊರಗೇ ನಿಂತಳು. ಒಳಗೆ ಕರೆದರೂ ಬರಲಿಲ್ಲ.

‘ಊರಾಕಿ ಅಲ್ಲ ಅಂದ್ರಿ. ಆತು ಬಿಡ್ರಿ, ಪಾವಣೇರ ಹಂಗರ ಬರ್ರಿ, ಹೊಲದಾಗ ಉಣ್ಣಾಕ.’

ಪಾವಣೇರು ಎಂದರೆ ಅತಿಥಿಗಳು, ಬಂದು ಹೋಗುವವರು. ಹಾಗೆಯೇ ಹೋದೆ. ಬಂಡಿಯಲ್ಲಿ ಕೂರಿಗೆಯ ಪಕ್ಕ ನನ್ನನ್ನು ಕೂರಿಸಿದಳು. ಗಾಲಿ ಉತ್ತ ನೆಲದಲ್ಲಿ ಹೂತು ಹೂತು ಮುಂದಕ್ಕೆ ಹೋಯಿತು. ಬದುವಿನ ಮೇಲೆ ಕೂತು ರೊಟ್ಟಿಗೆ ಪುಂಡಿಪಲ್ಯ ಹಾಕಿ ಕೊಟ್ಟಳು. ಸಾಕೆಂದರೆ ಕೇಳದೆ ಮೇಲೆ ಮೊಸರು ಸುರಿದಳು. ಆ ದಿನ ಕೋರ್ಟಿನಲ್ಲಿ ಯಾಕೆ ಹಾಗೆ ಹೇಳಿದೆನೆಂದು ಆಗ ಬಿಡಿಸಿ ಹೇಳಿದೆ. ಅವಳು ‘ಹಂಗಾರ ನಮ್ಮಾಕಿ ಅನ್ನೂದನ್ನ ಯಾರ ಮುಂದೂ ಹೇಳೂದು ಬ್ಯಾಡ’ ಎಂದು ನನ್ನ ಕೈ ಹಿಡಿದುಕೊಂಡಳು.

ಗಂಡನಿಗೆ ಈಗ ಮೈಸೂರಿಗೆ ವರ್ಗ ಸಿಗುವಂತಿದೆ. ಅಮ್ಮ ದಿನಾ ಕೇಳುತ್ತಾಳೆ, ಬರುತ್ತೀಯೋ ಇಲ್ಲವೋ ಎಂದು. ಬರಲು ಮನಸ್ಸಿಲ್ಲ ಎಂದು ಅವಳಿಗೆ ಹೇಳಲು ಬಾಯಿ ಬರುತ್ತಿಲ್ಲ, ಇಲ್ಲಿಯವರಿಗಂತೂ ಹೇಳುವ ಹಾಗೆಯೇ ಇಲ್ಲ. ದ್ಯಾಮಣ್ಣ ಕೊಪ್ಪಳದ ಕೋರ್ಟಿಗೆ ಮೇಲ್ಮನವಿ ಹೋಗಿದ್ದಾನೆ. ಅದು ತೀರುವ ತನಕ ನಾನು ಈ ಊರಿನವಳಲ್ಲ.