ಕಂಪ್ಯೂಟರ್ ತಲೆ ಮೇಲೆ ಒಂದು ಮೊಳ ಹೂ

“ಡಿಗ್ರಿಯಾ? ನಮ್ಮನೇಲಾ? ಆಗೋ ಮಾತಾ ಅದು, ಬುಡು.”

ಹೀಗಂದವರು ನಮ್ಮ ರಂಗಸ್ವಾಮಿ ಮಾವ. ನಮ್ಮಮ್ಮ ಸಾವಿತ್ರಿಯ ಅಣ್ಣ. ಈ ಮಾತನ್ನು ಅವರು ಎರಡು ಸಲ ಹೇಳಿದ್ದಾರೆ. ಮೊದಲನೇ ಸಲ ನನ್ನ ಬಗ್ಗೆ, ನಾನು ಪಿಯುಸಿ ಮುಗಿಸಿ ಕಾಲೇಜಿನ ಅರ್ಜಿ ತಂದ ದಿನ. ಆಗ ಅಗ್ರಹಾರದಲ್ಲಿ ಅಪ್ಪನದೊಂದು ಸೈಕಲ್ ಶಾಪ್ ಇತ್ತು. ಬೆಳಿಗ್ಗೆ ಕಾಲೇಜು, ಸಂಜೆ ಶಾಪಿನಲ್ಲಿ ಕೂತು ಪಂಕ್ಚರ್ ಹಾಕೋದು. ಹಾಗೇ ಬಿ.ಕಾಂ. ಮುಗಿಸಿದೆ. ಅಪ್ಪನ ಕಡೆಗೂ ಅಮ್ಮನ ಕಡೆಗೂ ಸೇರಿ ಮೊದಲ ಡಿಗ್ರಿ ನನ್ನದು. (ಹೌದು, ಇದನ್ನು ಈ ಅಂಕಣದಲ್ಲೇ ಹಿಂದೆಯೂ ಬರೆದಿದ್ದೇನೆ. ಮುಂದೆಯೂ ಬರೆಯುತ್ತೇನೆ. ಅಷ್ಟು ಕಷ್ಟಪಟ್ಟು ಸಂಪಾದಿಸಿದ್ದನ್ನು ಟ್ರಂಕಿನಲ್ಲಿ ಮುಚ್ಚಿಡೋಕಾಗುತ್ತಾ?)

ಎರಡನೇ ಸಲ ಹೇಳಿದ್ದು ತಮ್ಮ ಸ್ವಂತ ಸೊಸೆ ಶೋಭಾಳ ಬಗ್ಗೆ.

ಶೋಭಾ ಪಿಯುಸಿ ಆದಕೂಡಲೇ ಮದುವೆಯಾಗಿ ವಿಜಯನಗರದ ಮಾವನ ಮನೆಗೆ ಬಂದವಳು. ಮಗಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಇವಳೂ ಆನ್‌ಲೈನಿನಲ್ಲಿ ಬಿ.ಎ.ಗೆ ಸೇರಿಕೊಂಡಳು. ಪಾಠವನ್ನೆಲ್ಲ ಮೊಬೈಲಿನಲ್ಲೇ ಕೇಳಿದಳು. ಒಲೆ ಮುಂದೆ ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ಕುಕ್ಕರ್ ವಿಷಲ್‌ಗೆ. ಪರೀಕ್ಷೆಗಳನ್ನು ಮಾತ್ರ ಕಂಪ್ಯೂಟರಿನಲ್ಲೇ ಬರೆಯಬೇಕು. ಕ್ಯಾಮೆರಾ ಆನ್ ಇರಬೇಕು, ಕೋಣೆಯಲ್ಲಿ ಬೇರೆ ಯಾರೂ ಇರಕೂಡದು. ಹಾಗಾಗಿ ಆರಂಭದಿಂದಲೂ ವಿದ್ಯಾರಣ್ಯಪುರಂನ ನಮ್ಮ ಮನೆಯ ಡೆಸ್ಕ್‌ಟಾಪೇ ಅವಳ ಪರೀಕ್ಷಾ ಕೇಂದ್ರ.

ಈಗ ಉಳಿದಿದ್ದು ಕೊನೆಯ ಪೇಪರ್. ನಿಯಮ ಏನಂದ್ರೆ, ಮಧ್ಯದಲ್ಲಿ ಕಂಪ್ಯೂಟರ್ ಆಫ್ ಆದರೆ ಮತ್ತೆ ಒಳಗೆ ಸೇರಿಸುವುದಿಲ್ಲ. ಮುಂದಿನ ವರ್ಷವೇ ಬರೆಯಬೇಕು. ಮುಂದಿನ ವರ್ಷ ಅಂದರೆ ಮಾವನ ಮನೆಯಲ್ಲಿ ಏನರ್ಥ ಅಂತ ಶೋಭಾಗೂ ಗೊತ್ತು, ನನಗೂ ಗೊತ್ತು. “ಸಾಕು ಬುಡು, ಓದಿದ್ದು” ಅಂತರ್ಥ.

ಸರಿಯಾಗಿ ಈ ಹೊತ್ತಿಗೇ ನಮ್ಮ ಡೆಸ್ಕ್‌ಟಾಪಿಗೆ ಹುಚ್ಚು ಹಿಡಿಯಬೇಕಾ?

ಚೆನ್ನಾಗಿ ಓಡುತ್ತಿರುತ್ತದೆ. ಇದ್ದಕ್ಕಿದ್ದ ಹಾಗೆ ಸ್ಕ್ರೀನ್ ಕಪ್ಪು. ಒಂದು ಕ್ಷಣ ಮೌನ. ಆಮೇಲೆ ಏನೂ ಆಗಿಲ್ಲವೆಂಬಂತೆ ತಾನೇ ಆನ್ ಆಗುತ್ತದೆ. ನಾನು ಟೈಪ್ ಮಾಡಿದ್ದ ಅಂಕಣ ಹೋಯಿತು. ಮತ್ತೊಂದು ದಿನ ಶೋಭಾ ಪ್ರಾಕ್ಟೀಸ್ ಟೆಸ್ಟ್ ಬರೆಯುತ್ತಿದ್ದಾಗ, ಕೊನೇ ಪ್ರಶ್ನೆಗೆ ಬರುವಷ್ಟರಲ್ಲಿ ಢಮಾರ್. ಅವಳು ಕೀಬೋರ್ಡ್ ಮೇಲಿಂದ ಕೈ ತೆಗೆಯಲೇ ಇಲ್ಲ. ಹಾಗೇ ಕೂತಿದ್ದಳು.

“ಅಕ್ಕ, ಪರೀಕ್ಷೆ ದಿನ ಇಂಗೇ ಆದ್ರೆ?”



ಸುದ್ದಿ ವಿಜಯನಗರಕ್ಕೆ ಮುಟ್ಟಿತು. ಮಾವ ಫೋನ್ ಮಾಡಿದರು. “ನೋಡ್ದಾ ಪದ್ಮ? ಮಿಷಿನ್ನಿಗೇ ಇಷ್ಟ ಇಲ್ಲ ಕಣವ್ವ.”

ಮೊದಲು ಕರೆಂಟಿನ ಮೇಲೆ ಅನುಮಾನಪಟ್ಟೆ. ಪ್ಲಗ್ ಬದಲಾಯಿಸಿದೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ. ಊಹೂಂ. ಆಮೇಲೆ ನಮ್ಮ ಏರಿಯಾದ ರಿಪೇರಿಯವರನ್ನು ಕರೆಸಿದೆ. ವೈರಸ್ ಅಂದರು. ಎಲ್ಲ ಅಳಿಸಿ ಹೊಸದಾಗಿ ಸಾಫ್ಟ್‌ವೇರ್ ತುಂಬಿದರು. ಎರಡು ದಿನ ನೆಮ್ಮದಿ, ಮತ್ತೆ ಅದೇ ರಾಗ. ಕೊನೆಗೆ ಕ್ಯಾಬಿನೆಟ್ಟನ್ನು ಸ್ಕೂಟರಿನ ಫುಟ್‌ಬೋರ್ಡಿನಲ್ಲಿ ಅಡ್ಡ ಮಲಗಿಸಿಕೊಂಡು ಅವರ ಅಂಗಡಿಗೇ ಹೋದೆ.

ಅಲ್ಲಿ ಇಡೀ ದಿನ ಓಡಿತು. ಒಂದು ಸಲವೂ ಕೆಮ್ಮಲಿಲ್ಲ! ಡಾಕ್ಟರ ಎದುರು ಕೂತಕೂಡಲೇ ಹಲ್ಲುನೋವು ಮಾಯವಾಗುತ್ತಲ್ಲ, ಹಾಗೆ.

“ಒಂದ್ಸಲ ಬಿಚ್ಚಿ ನೋಡ್ರಿ” ಅಂದೆ.

“ಓಡ್ತಿರೋದನ್ನ ಯಾಕೆ ಬಿಚ್ಚೋದು ಮೇಡಂ? ಇದು ರಾಂಡಮ್ ಪ್ರಾಬ್ಲಮ್. ಏನೂ ಮಾಡಕ್ಕಾಗಲ್ಲ.”

ರಾಂಡಮ್! ಈ ಪದ ಕೇಳಿದರೆ ನನಗೆ ಮೈಯುರಿ. ಯಾಕೆ ಹೇಳಿ? ನಮ್ಮಂಥ ಮನೆಗಳಲ್ಲಿ ಇದೇ ಪದಕ್ಕೆ ಹಣೆಬರಹ ಅಂತಾರೆ. ಮಗು ಫೇಲಾಯಿತಾ, ಹಣೆಬರಹ. ಹೆಣ್ಣುಮಗಳು ಓದು ಬಿಟ್ಟಳಾ, ಹಣೆಬರಹ. ಎರಡೂ ಪದದ ಅರ್ಥ ಒಂದೇ: ನಾನು ಬಿಚ್ಚಿ ನೋಡಲ್ಲ.

ಪಂಕ್ಚರ್ ಹಾಕುತ್ತಿದ್ದ ಕಾಲದಲ್ಲಿ ನಾನು ಕಲಿತದ್ದು ಒಂದೇ. ಟ್ಯೂಬಿನಿಂದ ಗಾಳಿ ಹೋಗುತ್ತಿದೆ ಅಂತ ಗೊತ್ತಿದ್ದರೆ ಸಾಲದು. ಬೇಸಿನ್ನಿನ ನೀರಿನಲ್ಲಿ ಮುಳುಗಿಸಿ, ನಿಧಾನಕ್ಕೆ ತಿರುಗಿಸುತ್ತಾ ಹೋಗಬೇಕು. ಎಲ್ಲೋ ಒಂದು ಕಡೆ ಗುಳ್ಳೆ ಏಳುತ್ತದೆ. ಏಳಲೇಬೇಕು. ತೂತು ಎಲ್ಲಿದೆಯೋ ಅಲ್ಲೇ.

ಸರಿ, ಈ ಕಂಪ್ಯೂಟರನ್ನು ಯಾವ ನೀರಿನಲ್ಲಿ ಮುಳುಗಿಸೋದು?

ಶೋಭಾಳನ್ನು ಕೂರಿಸಿಕೊಂಡು ಕೇಳಿದೆ. “ಯಾಕೆ ಆಫ್ ಆಗುತ್ತೆ ಅನ್ನೋದು ಬಿಡು. ಯಾವಾಗ ಆಗುತ್ತೆ, ಅದನ್ನ ಹೇಳು.”

ಅವಳು ಯೋಚಿಸಿದಳು. “ಶುಕ್ರವಾರ ಜಾಸ್ತಿ ಅಕ್ಕ.”

ನಕ್ಕುಬಿಟ್ಟೆ. ಮಿಷಿನ್ನಿಗೆ ವಾರ ಗೊತ್ತಾ? ಆದರೂ ನೆನಪು ಮಾಡಿಕೊಂಡೆ. ನನ್ನ ಅಂಕಣ ಹಾರಿಹೋಗಿದ್ದೂ ಶುಕ್ರವಾರವೇ.

ಮುಂದಿನ ಶುಕ್ರವಾರ ಇಬ್ಬರೂ ಅದರ ಮುಂದೆ ಕೂತೆವು. ಬೆಳಗಿನಿಂದ ಬೇಕೆಂದೇ ಓಡಿಸಿದೆವು. ಮಧ್ಯಾಹ್ನ ಊಟದ ಹೊತ್ತಿಗೆ ಸ್ಕ್ರೀನ್ ಕಪ್ಪಾಯಿತು. ಜ್ವರ ನೋಡುವ ಹಾಗೆ ಕ್ಯಾಬಿನೆಟ್ ಮೇಲೆ ಕೈಯಿಟ್ಟೆ. ಸುಡುತ್ತಿತ್ತು. ಕೈಗೆ ಗರಿಗರಿಯಾದ್ದೇನೋ ತಗುಲಿತು.

ಮಲ್ಲಿಗೆ ಹೂ. ಒಣಗಿ ಹಪ್ಪಳವಾಗಿತ್ತು.

ದೇವರ ಗೂಡಿನ ಕಡೆ ತಿರುಗಿದೆ. ಅದೇ ಬೆಳಿಗ್ಗೆ, ಅದೇ ಮಾಲೆಯಿಂದ ಕತ್ತರಿಸಿ ಪಟಕ್ಕೆ ಇಟ್ಟಿದ್ದ ಹೂ ಇನ್ನೂ ನಗುತ್ತಿತ್ತು. ಒಂದೇ ಹೂ, ಒಂದು ಅಲ್ಲಿ ತಾಜಾ, ಇನ್ನೊಂದು ಇಲ್ಲಿ ಕರಕಲು.

ನನ್ನ ಗುಳ್ಳೆ ಸಿಕ್ಕಿತ್ತು.

ಅಮ್ಮನ ವಿಷಯ ನಿಮಗೆ ಹೇಳಬೇಕು. ಅಮ್ಮನಿಗೆ ಆಯುಧಪೂಜೆ ವರ್ಷಕ್ಕೊಂದು ಸಲ ಬರುವ ಹಬ್ಬವಲ್ಲ. ಪ್ರತಿ ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ದೇವರಿಗೆ ಪೂಜೆ ಮಾಡಿ, ಆಮೇಲೆ ಕಂಪ್ಯೂಟರಿಗೂ ಅರಿಶಿನ, ಕುಂಕುಮ, ಹೂ. “ಓದು ಕೊಡೋ ಮಿಷಿನ್ನು, ಬರೀ ತಲೇಲಿ ಇರಬಾರದು” ಅನ್ನೋದು ಅವರ ವಾದ. ಹೂ ಇಡುವುದು ಕ್ಯಾಬಿನೆಟ್ಟಿನ ನೆತ್ತಿಗೆ. ಆ ನೆತ್ತಿಯಲ್ಲೇ, ಬಿಸಿಗಾಳಿ ಹೋಗಲೆಂದು ಮಾಡಿದ ಜಾಲರಿ ಇರೋದು.

ಸ್ಕ್ರೂ ಬಿಚ್ಚಿ ಪಕ್ಕದ ತಗಡು ತೆಗೆದೆವು. ಒಳಗೆ ಏನಿತ್ತು ಅಂತೀರಿ? ಪುಟ್ಟದೊಂದು ಗುಡಿ. ತಳದಲ್ಲಿ ಒಣಗಿದ ಎಸಳು. ಧೂಳಿನ ಜೊತೆ ಕಲಸಿ ಅಂಟಾದ ಕುಂಕುಮ. ಕಂಪ್ಯೂಟರಿನ ಮಿದುಳನ್ನು ತಣ್ಣಗಿಡಲು ಒಂದು ಪುಟ್ಟ ಫ್ಯಾನ್ ಇರುತ್ತದಲ್ಲ, ಅದರ ನಡುವಿಗೆ ಕಂದು ಬಣ್ಣದ ಎಳೆಯೊಂದು ಸುತ್ತಿಕೊಂಡಿತ್ತು. ಯಾವುದೋ ವೈರ್ ಇರಬೇಕೆಂದು ಹೆದರಿ ಕೈ ಹಿಂದೆ ತೆಗೆದೆ.

ಶೋಭಾ ಬಗ್ಗಿ ನೋಡಿ ಕಿಲಕಿಲ ನಕ್ಕಳು. “ವೈರ್ ಅಲ್ಲ ಅಕ್ಕ. ಬಾಳೆನಾರು!”

ಹೂ ಕಟ್ಟಿದ್ದ ಬಾಳೆನಾರು. ಎಸಳುಗಳು ಉದುರಿದ ಮೇಲೆ ನಾರು ಜಾಲರಿಯೊಳಗೆ ಜಾರಿದೆ. ಫ್ಯಾನ್ ಒಮ್ಮೆ ತಿರುಗುತ್ತದೆ, ಒಮ್ಮೆ ತಡವರಿಸುತ್ತದೆ. ಮೇಲೆ ಹೂವಿನ ಮುಚ್ಚಳ ಬಿದ್ದಾಗ ಬಿಸಿ ಏರುತ್ತದೆ. ಸುಟ್ಟುಹೋಗಬಾರದೆಂದು ಮಿಷಿನ್ನು ತಾನೇ ಆಫ್ ಆಗುತ್ತದೆ. ಸ್ಕೂಟರಿನಲ್ಲಿ ಅಡ್ಡ ಮಲಗಿಸಿದಾಗ ನಾರು ಸರಿದಿರಬೇಕು, ಅಂಗಡಿಯಲ್ಲಿ ಹೂವೂ ಇರಲಿಲ್ಲ. ಅದಕ್ಕೇ ಅಲ್ಲಿ ಅಷ್ಟು ಒಳ್ಳೆಯ ಮಗು!

ಇನ್ನೂ ಒಂದು ವಿಷಯ ಆಮೇಲೆ ಗೊತ್ತಾಯಿತು. ಶೋಭಾಳ ಪರೀಕ್ಷೆ ಹತ್ತಿರ ಬಂದಂತೆ ಅಮ್ಮ ಗೇಣು ಹೂವಿನ ಬದಲು ಮೊಳ ಹೂ ಇಡಲು ಶುರು ಮಾಡಿದ್ದರು. ಮಿಷಿನ್ನು ಆಫ್ ಆದಷ್ಟೂ ಅಮ್ಮನಿಗೆ ಭಯ. ಭಯ ಆದಷ್ಟೂ ಹೂ ಜಾಸ್ತಿ. ಹೂ ಜಾಸ್ತಿಯಾದಷ್ಟೂ...

ಅಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಕಿತ್ತು ಬಂದ ನಾರಿನ ಒಂದು ತುಂಡನ್ನು ಅಂಗೈಯಲ್ಲಿ ಇಸಿದುಕೊಂಡರು.

“ಅಂದ್ರೆ ಇಷ್ಟು ದಿನ ಈ ಮಗೂಗೆ ತೊಂದ್ರೆ ಕೊಟ್ಟಿದ್ದು ನಾನೇನಾ?”

ಏನು ಹೇಳೋದು? ಹೌದು ಅನ್ನೋಕಾಗಲ್ಲ, ಅಲ್ಲ ಅಂದರೆ ಸುಳ್ಳು. ಶೋಭಾನೇ ಎದ್ದುಹೋಗಿ ಅವರ ಮುಂದೆ ಬೆನ್ನು ಮಾಡಿ ನಿಂತಳು. “ಇನ್ಮೇಲೆ ನನ್ ತಲೇಗೆ ಮುಡ್ಸಿ ಅತ್ತೆ. ನಂದು ಬಿಸಿಯಾದ್ರೂ ಆಫ್ ಆಗಲ್ಲ.”

ಅಮ್ಮ ನಕ್ಕರು. ಸೆರಗಿನಲ್ಲಿ ಕಣ್ಣೊರೆಸಿಕೊಂಡೇ ನಕ್ಕರು.

ಕತ್ತರಿಯಿಂದ ಉಳಿದ ನಾರು ಬಿಡಿಸಿದೆವು. ಹಳೇ ಟೂತ್‌ಬ್ರಷ್ಷಿನಿಂದ ಕುಂಕುಮ ಉಜ್ಜಿದೆವು. ಆನ್ ಮಾಡಿದೆವು. ಸಂಜೆಯವರೆಗೆ ಓಡಿತು. ಮರುದಿನವೂ ಓಡಿತು. ಮಾವನಿಗೆ ಫೋನ್ ಮಾಡಿ, ಹೂವಿನಿಂದ ಹೀಗಾಗಿತ್ತು ಮಾವ, ಈಗ ಸರಿಹೋಯಿತು ಅಂದೆ.

“ನನ್ ಕಿವೀಗೇ ಹೂ ಮಡಗ್ತಿದೀಯಾ?” ಅಂದು ಫೋನ್ ಇಟ್ಟರು.

ಪರೀಕ್ಷೆಯ ಬೆಳಿಗ್ಗೆ ಅಮ್ಮ ಶೋಭಾಳಿಗೆ ಮೊಳ ಹೂ ಮುಡಿಸಿದರು. (ಆನ್‌ಲೈನ್ ಪರೀಕ್ಷೆಯಲ್ಲಿ ಕಿವಿಯನ್ನೂ ಕ್ಯಾಮೆರಾಕ್ಕೆ ತೋರಿಸಬೇಕಂತೆ. ಪಾಪ, ಹೂ ಸರಿಸಿ ಸರಿಸಿ ತೋರಿಸಿದಳು.) ಕೋಣೆ ಬಾಗಿಲು ಹಾಕಿಕೊಂಡಳು. ನಾವಿಬ್ಬರು ಹೊರಗೆ. ಅಷ್ಟರಲ್ಲಿ ಗೇಟಿನ ಸದ್ದು. ನೋಡಿದರೆ ರಂಗಸ್ವಾಮಿ ಮಾವ!

“ಸೊಸೇನ ಕರ್ಕೊಂಡೋಗಕ್ಕೆ ಬಂದೆ” ಅಂದರು. ಪರೀಕ್ಷೆ ಆಗ ತಾನೇ ಶುರುವಾಗಿತ್ತು.

ಕಾಫಿ ಬೇಡ ಅಂದರು. ಮನೆಯೊಳಗೂ ಬರಲಿಲ್ಲ. ವರಾಂಡದಲ್ಲಿ ಮೀಟರ್ ಬೋರ್ಡಿನ ಕೆಳಗೆ ಕುರ್ಚಿ ಎಳೆದುಕೊಂಡು ಕೂತರು. ಕರೆಂಟ್ ಹೋದರೂ ಯುಪಿಎಸ್ ಇದೆ ಮಾವ ಅಂದೆ. “ಅದೆಲ್ಲ ನಂಬಕ್ಕಾಗಲ್ಲ” ಅಂದರು. ಸ್ವಲ್ಪ ಹೊತ್ತಿಗೆ ಮಹಡಿಯ ಮನೆಯಿಂದ ಮಿಕ್ಸಿ ಸದ್ದು ಬಂತು. ಮಾವ ಎದ್ದು ಅಂಗಳಕ್ಕೆ ಇಳಿದರು. ಪಂಚೆ ಎತ್ತಿಕಟ್ಟಿ, ತಲೆ ಮೇಲೆತ್ತಿ ಕೂಗಿದರು:

“ಏನ್ ಕಣ್ರವ್ವಾ! ಚಟ್ನಿ ಆಮೇಲೆ ರುಬ್ಬುದ್ರಾಗಲ್ವಾ? ಒಳಗೆ ನನ್ ಸೊಸೆ ಡಿಗ್ರಿ ಬರೀತಾವ್ಳೆ!”

ನಾನು ಅಮ್ಮನ ಮುಖ ನೋಡಿದೆ. ಅಮ್ಮ ನನ್ನ ಮುಖ ನೋಡಿದರು. ಆಗೋ ಮಾತಲ್ಲ ಅಂದವರೇ ಕಾವಲು ಕೂತಾಗ ನಾವೇನು ಮಾತಾಡೋದು?

ಕಂಪ್ಯೂಟರ್ ಒಂದು ಸಲವೂ ಕಣ್ಣು ಮುಚ್ಚಲಿಲ್ಲ. ಶೋಭಾ ಬಾಗಿಲು ತೆರೆದು, “ಸಬ್ಮಿಟ್ ಆಯ್ತು” ಅಂದಳು. ಮಾವ “ಸರಿ, ನಡಿ” ಅಂದರು. ಅಷ್ಟೇ.

ಮೊನ್ನೆ ಸರ್ಟಿಫಿಕೇಟ್ ಬಂತು. ಎಲ್ಲರೂ ನಮ್ಮ ಮನೆಗೇ ಬಂದರು, ಬಿ.ಎ. ಮುಗಿದಿದ್ದು ಇಲ್ಲೇ ತಾನೇ ಅಂತ. ಶೋಭಾ ಅದನ್ನು ಮೊದಲು ಮಾವನ ಕೈಗೆ ಕೊಟ್ಟಳು. ಅವರು ಪಂಚೆಗೆ ಕೈ ಒರೆಸಿಕೊಂಡು ಇಸಿದುಕೊಂಡರು. ತುದಿಯಲ್ಲಷ್ಟೇ ಹಿಡಿದು, ಸೊಸೆಯ ಹೆಸರು ಇರುವ ಕಡೆ ಬೆರಳಿಟ್ಟು, ಅಕ್ಷರ ಅಕ್ಷರವಾಗಿ ಓದಿದರು. ಮುಗಿದ ಮೇಲೆ ಮತ್ತೊಂದು ಸಲ ಓದಿದರು.

ಅಮ್ಮ ಅಭ್ಯಾಸ ಬಿಡ್ತಾರಾ? ದೇವರ ಗೂಡಿನಿಂದ ಕುಂಕುಮದ ಬಟ್ಟಲು, ಒಂದು ತುಂಡು ಮಲ್ಲಿಗೆ ಹಿಡಿದು ಬಂದೇಬಿಟ್ಟರು. ಮಾವ ಸರ್ಟಿಫಿಕೇಟನ್ನು ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದರು.

“ಏ ಸಾವಿತ್ರಿ, ಇದ್ರ ತಲೆ ಮ್ಯಾಲೆ ಮಾತ್ರ ಹೂ ಮಡಗ್ಬ್ಯಾಡ ಕಣೆ! ಇದೂ ಆಫ್ ಆಗೋದ್ರೆ, ನನ್ ಸೊಸೆ ಮತ್ತೆ ಒಂದನೇ ಕ್ಲಾಸಿಂದ ಓದ್ಬೇಕಾಯ್ತದೆ!”